ಹೊರಗಿನಿಂದ ತೆರೆಯುವ ಕಿಂಡಿಗಳ ಊರು

ಇಟಲಿಯ ಗ್ವಾರ್ದಿಯಾ ಪಿಯೆಮೊಂತೇಸೆ ಅನ್ನುವ ಬೆಟ್ಟದೂರಿನ ಬಗ್ಗೆ ಯಾವ ಪುಸ್ತಕ ತೆರೆದರೂ, ಯಾವ ಫಲಕ ಓದಿದರೂ ಕಥೆ 1561ರ ಜೂನ್ 5ಕ್ಕೆ ಬಂದು ನಿಂತುಬಿಡುತ್ತದೆ. ಆ ರಾತ್ರಿ ಸೈನಿಕರು ಮೋಸದಿಂದ ಊರೊಳಗೆ ನುಗ್ಗಿದರು. ಸಿಕ್ಕವರನ್ನೆಲ್ಲ ಕೊಂದರು. ಬೀದಿಯ ಇಳಿಜಾರಿನಲ್ಲಿ ರಕ್ತ ಹರಿದು ಊರಬಾಗಿಲ ತನಕ ಬಂತು ಅನ್ನುತ್ತಾರೆ. ಆ ಬಾಗಿಲಿಗೆ ಇವತ್ತಿಗೂ ‘ರಕ್ತದ ಬಾಗಿಲು’ ಅಂತಲೇ ಹೆಸರು. ಅಷ್ಟು ಹೇಳಿ ಎಲ್ಲರೂ ಕಥೆ ಮುಗಿಸುತ್ತಾರೆ. ನನ್ನನ್ನು ಕಾಡಿದ್ದು ಅದರ ಮಾರನೇ ದಿನ. ಹೆಣ ಎತ್ತಿದವರು ಯಾರು? ಆ ವರ್ಷದ ಅಂಜೂರ ಕೊಯ್ದವರು ಯಾರು? ಬದುಕಿ ಉಳಿದವರು ಅದೇ ಮನೆಗಳಲ್ಲಿ, ಅದೇ ಒಡೆಯನ ಕೈಕೆಳಗೆ ಮತ್ತೆ ಸಂಸಾರ ಹೂಡಿದರಲ್ಲ, ಅದು ಹೇಗೆ? ಊರಿನ ಚರಿತ್ರೆ ಅಂದರೆ ಒಂದು ರಾತ್ರಿ, ಆಮೇಲಿನ ನಾನೂರೈವತ್ತು ಚಿಲ್ಲರೆ ವರ್ಷ ಲೆಕ್ಕಕ್ಕೇ ಇಲ್ಲ ಅನ್ನೋ ಹಾಗೆ ಬರೆಯುತ್ತಾರೆ. ಅದು ನನಗೆ ಸರಿ ಅನ್ನಿಸುವುದಿಲ್ಲ.

ಊರು ಇರುವುದು ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ. ನಾನು ಆಗ ಕೊಸೆಂಝಾ ಪಕ್ಕದ ರೆಂದೆಯಲ್ಲಿದ್ದೆ, ವಿಶ್ವವಿದ್ಯಾಲಯದ ಕೆಲಸದ ಮೇಲೆ. ಕೊಸೆಂಝಾದಿಂದ ಹೊರಟ ರೈಲು ಬೆಟ್ಟದೊಳಗಿನ ಉದ್ದನೆಯ ಸುರಂಗ ದಾಟಿ ಪಾವೊಲಾ ಅನ್ನುವ ಕಡಲೂರಿಗೆ ಇಳಿಯುತ್ತದೆ. ಅಲ್ಲಿ ಗಾಡಿ ಬದಲಿಸಿ ದಂಡೆ ಹಿಡಿದು ಉತ್ತರಕ್ಕೆ ಸ್ವಲ್ಪ ಹೋದರೆ ಗ್ವಾರ್ದಿಯಾ ಸ್ಟೇಷನ್. ಸ್ಟೇಷನ್ ಇರುವುದು ಸಮುದ್ರದ ಮಟ್ಟದಲ್ಲಿ, ಹಳೇ ಊರು ಇರುವುದು ಐನೂರು ಮೀಟರ್ ಮೇಲೆ, ಬೆಟ್ಟದ ಮೂಗಿನ ಮೇಲೆ. ನಡುವೆ ಸುತ್ತಿ ಸುತ್ತಿ ಏರುವ ದಾರಿ. ಹತ್ತಿರದಲ್ಲೇ ಬಿಸಿನೀರಿನ ಬುಗ್ಗೆಗಳಿವೆ, ಗಂಧಕದ ವಾಸನೆ. ಸಂಧಿವಾತದವರು, ಚರ್ಮರೋಗದವರು ಅಲ್ಲಿಗೆ ಬರುತ್ತಾರೆ. ಹೆಚ್ಚಿನವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ, ಮೇಲಕ್ಕೆ ಹತ್ತುವುದಿಲ್ಲ. ಇಡೀ ಪಂಚಾಯ್ತಿಯ ಜನಸಂಖ್ಯೆ ಒಂದೂವರೆ ಸಾವಿರದ ಆಸುಪಾಸು. ಅವರಲ್ಲೂ ಜಾಸ್ತಿ ಜನ ಕೆಳಗೆ ಕಡಲ ಬದಿಗೆ ಇಳಿದುಬಿಟ್ಟಿದ್ದಾರೆ.

ಮೇಲಿನ ಊರಿನಲ್ಲಿ ಬೀದಿಗಳ ಹೆಸರು ಎರಡು ಭಾಷೆಯಲ್ಲಿವೆ. ಒಂದು ಇಟಾಲಿಯನ್. ಇನ್ನೊಂದು ಆಕ್ಸಿಟನ್, ಅಂದರೆ ದಕ್ಷಿಣ ಫ್ರಾನ್ಸಿನ ಮತ್ತು ಅದಕ್ಕೆ ತಾಗಿದ ಆಲ್ಪ್ಸ್ ಕಣಿವೆಗಳ ಭಾಷೆ. ಅಲ್ಲಿಂದ ಇಲ್ಲಿಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಸುತ್ತಮುತ್ತಲ ಯಾವ ಊರಿನಲ್ಲೂ ಈ ಭಾಷೆ ಇಲ್ಲ. ಈ ಬೆಟ್ಟದ ಮೇಲೆ ಮಾತ್ರ ಇದೆ. ಊರಿನವರು ತಮ್ಮ ಊರನ್ನು ‘ಲಾ ಗಾರ್ದಿಯಾ’ ಅನ್ನುತ್ತಾರೆ, ಮಾತನ್ನು ಗಾರ್ದಿಯೋಲ್ ಅನ್ನುತ್ತಾರೆ.

ಬೆಟ್ಟದಿಂದ ಬೆಟ್ಟಕ್ಕೆ

ಇವರು ವಾಲ್ದೇಸಿಗಳು. ಹನ್ನೆರಡನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದ ವಾಲ್ದೊ ಎಂಬ ವ್ಯಾಪಾರಿ ಆಸ್ತಿಯನ್ನೆಲ್ಲ ಹಂಚಿ ಬರಿಗೈಯಾಗಿ ನಿಂತ. ಬೈಬಲನ್ನು ಲ್ಯಾಟಿನ್‌ನಿಂದ ಜನರ ಮಾತಿಗೆ ಮಾಡಿಸಿದ. ಪಾದ್ರಿಯ ಅಪ್ಪಣೆ ಇಲ್ಲದೆ ಬೀದಿಯಲ್ಲಿ ಬೋಧನೆ ಶುರುಮಾಡಿದ. ಅವನ ಹಿಂದೆ ಬಂದವರಲ್ಲಿ ಹೆಂಗಸರೂ ಬೋಧಿಸುತ್ತಿದ್ದರು. ಚರ್ಚಿಗೆ ಇದು ಸಹಿಸದ ಸಂಗತಿ. 1184ರಲ್ಲಿ ಪೋಪ್ ಇವರನ್ನು ಧರ್ಮದಿಂದ ಹೊರಗೆ ಹಾಕಿದ. ಓಡಿಸಿದಂತೆಲ್ಲ ಇವರು ಬೆಟ್ಟ ಹತ್ತಿದರು. ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆ ಸೀಮೆಯ ಪೆಲ್ಲಿಚೆ ಕಣಿವೆ ಅವರ ಮುಖ್ಯ ನೆಲೆಯಾಯಿತು.

ಅಲ್ಲಿಂದ ಕಲಾಬ್ರಿಯಾಕ್ಕೆ ಬಂದದ್ದು ಹದಿಮೂರು, ಹದಿನಾಲ್ಕನೇ ಶತಮಾನದಲ್ಲಿ. ಟ್ಯುರಿನ್‌ನ ಒಂದು ಛತ್ರದಲ್ಲಿ ಕಣಿವೆಯ ಹುಡುಗರಿಗೆ ದಕ್ಷಿಣದ ಜಮೀನ್ದಾರನೊಬ್ಬ ಸಿಕ್ಕಿ, ‘ನನ್ನ ಹತ್ತಿರ ಪಾಳುಬಿದ್ದ ಭೂಮಿ ಇದೆ, ಬನ್ನಿ’ ಅಂದನಂತೆ. ಹೀಗಂತ ಅವರದೇ ಒಂದು ಹಳೇ ಕಥೆ. ಕಥೆ ನಿಜವೋ ಅಲ್ಲವೋ, ಕಾರಣ ಮಾತ್ರ ನಿಜ. ಇಕ್ಕಟ್ಟಾದ ಕಣಿವೆ, ಬೆಳೆಯುವ ಸಂಸಾರಗಳು, ಸಾಲದ ಭೂಮಿ. ಇತ್ತ ದಕ್ಷಿಣದ ಒಡೆಯರಿಗೆ ದುಡಿಯುವ ಕೈ ಬೇಕಿತ್ತು. ಗೇಣಿ ಸರಿಯಾಗಿ ಬಂದರೆ ಅವರ ದೇವರ ಗೊಡವೆ ಒಡೆಯರಿಗೆ ಬೇಡವಾಗಿತ್ತು. ಮೊಂತಾಲ್ತೊ, ಸಾನ್ ಸಿಸ್ತೊ, ವಕ್ಕಾರಿತ್ಸೊ, ಗ್ವಾರ್ದಿಯಾ, ಹೀಗೆ ಸುತ್ತಮುತ್ತ ಅವರ ಊರುಗಳಾದವು. ಗ್ವಾರ್ದಿಯಾ ಅಂದರೆ ಕಾವಲು. ಕಡಲಿನಿಂದ ಬರುವ ದಾಳಿಕೋರರನ್ನು ನೋಡಲು ಅಲ್ಲೊಂದು ಕಾವಲು ಗೋಪುರ ಇತ್ತು, ಈಗಲೂ ಇದೆ.

ಮುಂದಿನ ಇನ್ನೂರು ಚಿಲ್ಲರೆ ವರ್ಷ ಇವರು ಎರಡು ಬದುಕು ಬದುಕಿದರು. ಹೊರಗೆ ಕ್ಯಾಥೋಲಿಕರು. ಚರ್ಚಿಗೆ ಹೋಗುತ್ತಿದ್ದರು, ಮಕ್ಕಳಿಗೆ ಪಾದ್ರಿಯಿಂದಲೇ ದೀಕ್ಷಾಸ್ನಾನ ಮಾಡಿಸುತ್ತಿದ್ದರು, ಸುಗ್ಗಿಯಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ ಕೊಡುತ್ತಿದ್ದರು. ಒಳಗೆ ಬೇರೆ. ಉತ್ತರದಿಂದ ಅವರ ಬೋಧಕರು ಬರುತ್ತಿದ್ದರು, ಯಾವಾಗಲೂ ಇಬ್ಬಿಬ್ಬರಾಗಿ, ಒಬ್ಬ ವಯಸ್ಸಾದವನು, ಒಬ್ಬ ಹುಡುಗ. ಊರೂರು ತಿರುಗಿ ಸಾಮಾನು ಮಾರುವವರ ವೇಷ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಕೈಬರಹದ ಬೈಬಲ್ ಭಾಗಗಳು ಅವರ ಹತ್ತಿರ ಇರುತ್ತಿದ್ದವು. ಜನ ಇವರನ್ನು ‘ಬಾರ್ಬಾ’ ಅನ್ನುತ್ತಿದ್ದರು. ಅವರ ಮಾತಿನಲ್ಲಿ ಮಾವ, ಚಿಕ್ಕಪ್ಪ ಅಂತ. ರಾತ್ರಿ ಮನೆಯಲ್ಲಿ ಕೂತು ಓದುವುದು, ಕೇಳುವುದು, ಬಾಯಿಪಾಠ ಮಾಡುವುದು. ಬೆಳಗಾದರೆ ಹೊಲ.

ಈ ಏರ್ಪಾಡು ಮುರಿದದ್ದು 1532ರ ನಂತರ. ಆ ವರ್ಷ ಆಲ್ಪ್ಸ್‌ನ ಶಾನ್‌ಫೊರಾನ್ ಎಂಬಲ್ಲಿ ವಾಲ್ದೇಸಿಗಳು ಸಭೆ ಸೇರಿ ಪ್ರಾಟೆಸ್ಟೆಂಟ್ ಸುಧಾರಣೆಯ ಕಡೆ ಹೋಗಲು ತೀರ್ಮಾನಿಸಿದರು. ಇನ್ನು ಮುಚ್ಚುಮರೆ ಬೇಡ, ಬೆಳಕಿನಲ್ಲೇ ಪ್ರಾರ್ಥನೆ ಮಾಡೋಣ ಅಂದರು. ಕಲಾಬ್ರಿಯಾದವರಿಗೂ ಅದು ಹಿಡಿಸಿತು. ಆ ಸುಧಾರಣೆಯ ಕೇಂದ್ರವಾಗಿದ್ದ ಜಿನೀವಾಕ್ಕೆ ಹೇಳಿ ಕಳಿಸಿ ಒಬ್ಬ ಬೋಧಕನನ್ನು ಕರೆಸಿಕೊಂಡರು. ಅವನೇ ಜಾನ್ ಲುಯಿಜಿ ಪಾಸ್ಕಾಲೆ. ಪಿಯೆಮೊಂತೆಯ ಕೂನೆಯೊ ಊರಿನವನು, ಮೊದಲು ಸೈನಿಕನಾಗಿದ್ದ. ಮದುವೆ ಗೊತ್ತಾಗಿದ್ದ ಹುಡುಗಿ ಕಮಿಲ್ಲಾಳನ್ನು ಜಿನೀವಾದಲ್ಲೇ ಬಿಟ್ಟು 1559ರಲ್ಲಿ ಇಲ್ಲಿಗೆ ಬಂದ. ಬಂದ ಸ್ವಲ್ಪ ದಿನಕ್ಕೇ ಊರಿನ ಒಡೆಯ ಸಾಲ್ವತೋರೆ ಸ್ಪಿನೆಲ್ಲಿ ಅವನನ್ನು ಹಿಡಿಸಿದ. ಫುಸ್ಕಾಲ್ದೊ, ಕೊಸೆಂಝಾ, ನೇಪಲ್ಸ್, ರೋಮ್, ಹೀಗೆ ಸೆರೆಯಿಂದ ಸೆರೆಗೆ ಸಾಗಿಸಿದರು. ಸೆರೆಯಿಂದ ಅವನು ಕಮಿಲ್ಲಾಳಿಗೂ ಊರಿನವರಿಗೂ ಬರೆದ ಪತ್ರಗಳು ಉಳಿದಿವೆ. 1560ರ ಸೆಪ್ಟೆಂಬರಿನಲ್ಲಿ ರೋಮಿನ ಸಂತ ಆಂಜೆಲೊ ಕೋಟೆಯ ಎದುರಿಗೆ ಅವನನ್ನು ಕೊಂದು ಸುಟ್ಟರು.

ಒಂದೇ ತಾರೀಕು

1561ರ ಬೇಸಿಗೆಯಲ್ಲಿ ನಡೆದದ್ದನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ಸಾನ್ ಸಿಸ್ತೊದ ಜನ ಕಾಡಿಗೆ ಓಡಿದರು, ಊರಿಗೆ ಬೆಂಕಿ ಬಿತ್ತು. ಗ್ವಾರ್ದಿಯಾ ಎತ್ತರದ ಮೇಲಿತ್ತು, ಸುತ್ತ ಗೋಡೆ ಇತ್ತು, ಸುಲಭಕ್ಕೆ ಸಿಗುವಂಥದ್ದಲ್ಲ. ಅದಕ್ಕೆ ಸ್ಪಿನೆಲ್ಲಿ ಒಂದು ಉಪಾಯ ಹೂಡಿದ. ತನ್ನದೇ ಜನರಿಗೆ ಬೇಡಿ ಹಾಕಿಸಿ, ಇವರು ಕೈದಿಗಳು, ಮೇಲಿನ ಕೋಟೆಯಲ್ಲಿಡಬೇಕು ಅಂತ ಊರೊಳಗೆ ಕಳಿಸಿದ. ರಾತ್ರಿ ಅವರೇ ಬಾಗಿಲು ತೆರೆದರು. ಕೆಲವು ದಿನ ಕಳೆದು, ಜೂನ್ 11ರಂದು, ಮೊಂತಾಲ್ತೊದಲ್ಲಿ ಹಿಡಿದಿಟ್ಟಿದ್ದವರ ಪೈಕಿ 88 ಜನರನ್ನು ಒಬ್ಬೊಬ್ಬರಾಗಿ ಹೊರಗೆ ತಂದು ಕತ್ತು ಕೊಯ್ದರು. ಇದನ್ನು ಕಣ್ಣಾರೆ ನೋಡಿ ಪತ್ರ ಬರೆದವನು ಒಬ್ಬ ಕ್ಯಾಥೋಲಿಕ್. ಅವನ ಕೈ ನಡುಗಿದ್ದು ಪತ್ರದಲ್ಲೇ ಗೊತ್ತಾಗುತ್ತದೆ. ಒಬ್ಬನ ಕಣ್ಣಿಗೆ ಕಟ್ಟಿದ್ದ ರಕ್ತಸಿಕ್ತ ಬಟ್ಟೆಯನ್ನೇ ಬಿಚ್ಚಿ ಮುಂದಿನವನಿಗೆ ಕಟ್ಟುತ್ತಿದ್ದರು ಎಂಬುದು ಅವನ ಪತ್ರದಿಂದಲೇ ನಮಗೆ ತಿಳಿದಿರುವುದು.

ಇಲ್ಲಿ ನಾನು ಬಹಳ ಹೊತ್ತು ನಿಂತ ಒಂದು ಸಂಗತಿ ಇದೆ. ಗ್ವಾರ್ದಿಯಾದಲ್ಲಿ ಕೊಲೆ ನಡೆದ ಅದೇ 1561ರ ಜೂನ್ 5ರಂದು, ಉತ್ತರದಲ್ಲಿ ಕಾವೂರ್ ಎಂಬ ಊರಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಪಿಯೆಮೊಂತೆಯನ್ನು ಆಳುತ್ತಿದ್ದ ಸವಾಯ್ ದೊರೆ ತಿಂಗಳುಗಟ್ಟಲೆ ಆಲ್ಪ್ಸ್‌ನ ವಾಲ್ದೇಸಿಗಳ ಮೇಲೆ ಯುದ್ಧ ಮಾಡಿದ್ದ. ಹಿಮದಲ್ಲಿ, ಕಡಿದಾದ ಕಣಿವೆಗಳಲ್ಲಿ ಅವರನ್ನು ಮಣಿಸಲು ಆಗಲಿಲ್ಲ. ಕೊನೆಗೆ, ನಿಮ್ಮ ಕಣಿವೆಗಳ ಎಲ್ಲೆಯೊಳಗೆ ನಿಮ್ಮ ಪೂಜೆ ನೀವು ಮಾಡಿಕೊಳ್ಳಿ ಅಂತ ಬರೆದುಕೊಟ್ಟ. ಒಂದೇ ಜನ, ಒಂದೇ ಮಾತು, ಒಂದೇ ತಾರೀಕು. ಅಲ್ಲಿ ಕಾಗದ ಸಿಕ್ಕಿತು, ಇಲ್ಲಿ ಕತ್ತಿ. ಈ ಸುದ್ದಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮುಟ್ಟಲು ಎಷ್ಟು ವಾರ ಹಿಡಿದಿರಬೇಕು! ಕಾವೂರಿನ ಸಹಿಗೆ ಕಣಿವೆಯ ಜನ ಸಂತೋಷಪಡುತ್ತಿದ್ದಾಗ ಗ್ವಾರ್ದಿಯಾದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಇದನ್ನು ಯೋಚಿಸಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಕಿಂಡಿ

ಆಮೇಲೆ ಆದದ್ದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಉಳಿದವರಿಗೆ ಇನ್‌ಕ್ವಿಸಿಷನ್, ಅಂದರೆ ಪಾಷಂಡಿಗಳನ್ನು ಹುಡುಕಿ ವಿಚಾರಣೆ ಮಾಡುವ ಚರ್ಚಿನ ನ್ಯಾಯಪೀಠದ ಪಾದ್ರಿಗಳು ಕಟ್ಟಳೆ ಹಾಕಿದರು. ಕೆಂಪು ಶಿಲುಬೆ ಹೊಲಿದ ಹಳದಿ ಬಟ್ಟೆ ಹಾಕಿಕೊಂಡು ಓಡಾಡಬೇಕು, ದೂರದಿಂದಲೇ ಗುರುತು ಸಿಗುವ ಹಾಗೆ. ದಿನಾ ಚರ್ಚಿಗೆ ಬರಬೇಕು. ಆರು ಜನಕ್ಕಿಂತ ಜಾಸ್ತಿ ಒಟ್ಟಿಗೆ ಸೇರಬಾರದು. 25 ವರ್ಷ ತಮ್ಮತಮ್ಮಲ್ಲೇ ಮದುವೆ ಮಾಡಿಕೊಳ್ಳಬಾರದು. ತಮ್ಮ ಮಾತು ಆಡಬಾರದು. ಊರೊಳಗೆ ಡೊಮಿನಿಕನ್ ಪಾದ್ರಿಗಳ ಮಠ ಬಂತು. ಮತ್ತೆ ಮನೆಗಳ ಬಾಗಿಲಿಗೆ ಕಿಂಡಿ ಬಂತು.

ಆ ಕಿಂಡಿಗಳು ಇನ್ನೂ ಇವೆ. ಕೆಲವು ಹಳೇ ಬಾಗಿಲುಗಳಲ್ಲಿ ಮಾತ್ರ. ನಾನು ಒಂದರ ಎದುರು ನಿಂತು ಸರಿಯಾಗಿ ನೋಡಿದೆ. ದಪ್ಪ ಹಲಗೆಯ ಬಾಗಿಲು, ಬಿಸಿಲಿಗೂ ಮಳೆಗೂ ಬೂದಿಬಣ್ಣಕ್ಕೆ ತಿರುಗಿದೆ. ಮುಖದ ಎತ್ತರಕ್ಕೆ ಒಂದು ಅಂಗೈ ಅಗಲದ ಸಣ್ಣ ಮುಚ್ಚಳ. ಅದರ ಚಿಲಕ ಹೊರಗಡೆ. ಒಳಗಿನವರು ಅದನ್ನು ತೆರೆಯುವಂತಿಲ್ಲ, ಮುಚ್ಚಿ ಭದ್ರ ಮಾಡುವಂತೆಯೂ ಇಲ್ಲ. ಬೀದಿಯಲ್ಲಿ ಹೋಗುವ ಪಾದ್ರಿ, ಕಾವಲಿನವನು ಯಾವ ಹೊತ್ತಿಗಾದರೂ ಮುಚ್ಚಳ ಸರಿಸಿ ಒಳಗೆ ಇಣುಕಬಹುದು. ಯಾರು ಮಂಡಿಯೂರಿದ್ದಾರೆ, ಯಾರ ಕೈಯಲ್ಲಿ ಪುಸ್ತಕ ಇದೆ, ಒಲೆಯ ಸುತ್ತ ಎಷ್ಟು ಜನ ಕೂತಿದ್ದಾರೆ, ಎಲ್ಲ ಕಾಣುತ್ತದೆ. ಕಿಂಡಿ ಅಂದರೆ ಕನ್ನಡದವರಿಗೆ ಮೊದಲು ನೆನಪಾಗುವುದು ಕನಕನ ಕಿಂಡಿ ಅಲ್ವಾ? ಹೊರಗೆ ನಿಂತವನಿಗೆ ಒಳಗಿನ ದೇವರು ಕಂಡ ಕಿಂಡಿ ಅದು. ಈ ಬಾಗಿಲಿನ ಕಿಂಡಿಯಲ್ಲಿ ಹೊರಗೆ ನಿಂತವನು ಹುಡುಕುತ್ತಿದ್ದದ್ದು ಮನೆಯವರ ದೇವರನ್ನೇ. ಸಿಕ್ಕರೆ ಹಿಡಿದುಕೊಂಡು ಹೋಗಲು.

ನಾನು ಮರದ ಅಂಚನ್ನು ಮುಟ್ಟಿ ನೋಡಿದೆ. ಮುಚ್ಚಳ ಆಡುವ ಜಾಗದಲ್ಲಿ ಹಲಗೆ ಸವೆದು ನುಣುಪಾಗಿತ್ತು. ಒಂದು ಅಡುಗೆಮನೆಯೊಳಗಿನ ಬದುಕನ್ನು ಯೋಚಿಸಿ. ಮಗು ಅಳುತ್ತದೆ, ತಾಯಿ ಎದೆಗೆ ಹಾಕಿಕೊಳ್ಳುತ್ತಾಳೆ, ಆಗ ಮುಚ್ಚಳ ಸರಿಯುತ್ತದೆ. ಗಂಡಹೆಂಡತಿ ಜಗಳ ಆಡುತ್ತಾರೆ, ಮುಚ್ಚಳ ಸರಿಯುತ್ತದೆ. ಮನೆಯೊಳಗೆ ಮನೆ ಅನ್ನುವುದೇ ಇರಲಿಲ್ಲ. ರಕ್ತದ ಬಾಗಿಲಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಕೇಳಿದರೆ ಈ ಊರಿನ ನಿಜವಾದ ಸ್ಮಾರಕ ಈ ಸಣ್ಣ ಮುಚ್ಚಳ. ಕೊಲೆ ಒಂದು ರಾತ್ರಿಗೆ ಮುಗಿಯಿತು. ಇದು ತಲೆಮಾರುಗಳ ಕಾಲ ದಿನಾ ನಡೆಯಿತು.

ದೇವರು ಹೋದ, ಮಾತು ಉಳಿಯಿತು

ಫಲಿತಾಂಶ ಏನಾಯಿತು ಅಂದರೆ, ವಾಲ್ದೇಸಿ ಧರ್ಮ ಗ್ವಾರ್ದಿಯಾದಲ್ಲಿ ಪೂರ್ತಿ ಅಳಿಯಿತು. ಇವತ್ತಿನ ಊರಿನವರು ಕ್ಯಾಥೋಲಿಕರು. ಸಂತರ ಹಬ್ಬ ಮಾಡುತ್ತಾರೆ, ಮೆರವಣಿಗೆ ಮಾಡುತ್ತಾರೆ, ಅದರಲ್ಲಿ ಅವರ ಭಕ್ತಿ ನಿಜವಾದದ್ದು. ಆದರೆ ಅದೇ ಕಟ್ಟಳೆಯಲ್ಲಿ ನಿಷೇಧ ಮಾಡಿದ್ದ ಮಾತು ಮಾತ್ರ ಅಳಿಯಲಿಲ್ಲ. ಸುತ್ತಲಿನ ಸಾನ್ ಸಿಸ್ತೊದಲ್ಲಿ, ವಕ್ಕಾರಿತ್ಸೊದಲ್ಲಿ, ಮೊಂತಾಲ್ತೊದಲ್ಲಿ ಅದು ಹೋಯಿತು. ಇಲ್ಲಿ ಉಳಿಯಿತು. ಯಾಕೆ?

ನಾನು ಇದನ್ನು ತಲೆಯಲ್ಲಿ ಬಹಳ ಸಲ ತಿರುವಿ ಹಾಕಿದ್ದೇನೆ. ಅವರ ನಂಬಿಕೆಗೆ ಮೂರು ವಸ್ತು ಬೇಕಿತ್ತು. ಬೋಧಕ ಬೇಕು, ಪುಸ್ತಕ ಬೇಕು, ನಾಲ್ಕು ಜನ ಕೂಡಿ ಕೂರಬೇಕು. ಬೋಧಕನನ್ನು ಸುಟ್ಟರು, ಪುಸ್ತಕ ಕಿತ್ತುಕೊಂಡರು, ಕೂಡುವುದನ್ನು ತಪ್ಪಿಸಿದರು. ಮೂರೂ ಕಣ್ಣಿಗೆ ಕಾಣುವಂಥವು, ಕಿಂಡಿಯಲ್ಲಿ ಸಿಕ್ಕಿಬೀಳುವಂಥವು. ಮಾತಿಗೆ ಇದ್ಯಾವುದೂ ಬೇಡ. ಇಬ್ಬರು ಸಾಕು. ಅದರಲ್ಲಿ ಒಬ್ಬರು ಇನ್ನೂ ಹಲ್ಲು ಬಾರದ ಕೂಸಾದರೂ ಆದೀತು. ತಾಯಿ ಮಗುವಿಗೆ ‘ಬೆಂಕಿ ಮುಟ್ಟಬೇಡ’ ಅಂತ ಯಾವ ಭಾಷೆಯಲ್ಲಿ ಹೇಳಿದಳು ಅಂತ ಎಷ್ಟು ಜನರನ್ನು ಎಷ್ಟು ದಿನ ಹಿಡಿದು ಶಿಕ್ಷಿಸಲು ಸಾಧ್ಯ? ಕಟ್ಟಳೆ ಇತ್ತು, ಅದನ್ನು ನಡೆಸಲು ಆಗಲಿಲ್ಲ. ಇನ್ನೊಂದು ಕಾರಣವೂ ಇರಬಹುದು. ಸುತ್ತಲಿನವರು ಇವರನ್ನು ಶತಮಾನಗಳ ಕಾಲ ಹತ್ತಿರ ಸೇರಿಸಲಿಲ್ಲ, ಪಾಷಂಡಿಗಳ ಮಕ್ಕಳು ಅಂದರು. ಹೊರಗಿನವರು ದೂರ ಇಟ್ಟಷ್ಟೂ ಊರು ತನ್ನೊಳಗೇ ಮಾತಾಡಿಕೊಂಡಿತು. ಬೆಟ್ಟದ ಮೇಲಿನ ಒಂಟಿ ಊರು ಬೇರೆ.

ಅದೇ ಕಲಾಬ್ರಿಯಾದಲ್ಲಿ ಅರ್ಬೆರೆಶ್ ಜನರಿದ್ದಾರೆ. ಹದಿನೈದನೇ ಶತಮಾನದಲ್ಲಿ ಆಟೊಮನ್ ತುರ್ಕರಿಗೆ ಹೆದರಿ ಅಲ್ಬೇನಿಯಾದಿಂದ ಕಡಲು ದಾಟಿ ಬಂದವರು. ಅವರ ಮಾತೂ ಉಳಿದಿದೆ. ಆದರೆ ಅವರಿಗೆ ಆಸರೆ ಇತ್ತು. ಬೈಜಾಂಟೈನ್ ಪದ್ಧತಿಯ ತಮ್ಮದೇ ಪೂಜೆ, ಮದುವೆಯಾಗಬಹುದಾದ ತಮ್ಮದೇ ಪಾದ್ರಿಗಳು, 1919ರಿಂದ ಲುಂಗ್ರೊ ಎಂಬಲ್ಲಿ ತಮ್ಮದೇ ಬಿಷಪ್. ಗ್ವಾರ್ದಿಯಾದ ಮಾತಿಗೆ ಚರ್ಚಿಲ್ಲ, ಶಾಲೆಯಿಲ್ಲ, ಹಾಡುವ ಪುಸ್ತಕವಿಲ್ಲ. ಬರೀ ಹೆಂಗಸರು ಇದ್ದರು. ಅವರ ಹೆಸರು ಎಲ್ಲೂ ಇಲ್ಲ. ಪಾಸ್ಕಾಲೆಯ ಹೆಸರಿನಲ್ಲಿ ಸಂಸ್ಕೃತಿ ಕೇಂದ್ರ ಇದೆ, ಇರಬೇಕು, ಅವನು ಅದಕ್ಕೆ ಯೋಗ್ಯ. ಪೆಲ್ಲಿಚೆ ಕಣಿವೆಯಿಂದ ತಂದ ಬಂಡೆಯೊಂದನ್ನು ಚೌಕದಲ್ಲಿ ನಿಲ್ಲಿಸಿದ್ದಾರೆ. ಆದರೆ ಕಿಂಡಿಯ ಒಳಗಡೆ ಕೂತು, ಹೊರಗೆ ಯಾರೋ ನಿಂತಿರಬಹುದು ಅಂತ ಗೊತ್ತಿದ್ದೂ, ಮಗುವಿಗೆ ತನ್ನ ತಾಯಿಯ ಮಾತನ್ನೇ ಆಡಿದವಳಿಗೆ ಒಂದು ಕಲ್ಲೂ ಇಲ್ಲ. ಈ ಊರಿನ ಪರಂಪರೆ ಅಂದರೆ ನನ್ನ ಮಟ್ಟಿಗೆ ಅವಳೇ.

ಉತ್ತರದಲ್ಲಿ ಗೆದ್ದವರ ಕಥೆ ಉಲ್ಟಾ ಆಯಿತು. ಅವರ ಧರ್ಮ ಉಳಿಯಿತು. ಮುಂದೆಯೂ ಹಿಂಸೆ ತಪ್ಪಲಿಲ್ಲ, ಆದರೂ ಉಳಿಯಿತು. 1848ರ ಫೆಬ್ರವರಿ 17ರಂದು ಅವರಿಗೆ ನಾಗರಿಕ ಹಕ್ಕು ಸಿಕ್ಕಿತು. ಈಗಲೂ ಪ್ರತಿವರ್ಷ ಫೆಬ್ರವರಿ 16ರ ಸಂಜೆ ಕಣಿವೆಗಳಲ್ಲಿ ಬೆಂಕಿ ಹೊತ್ತಿಸಿ ಆಚರಿಸುತ್ತಾರೆ. ಆದರೆ 1630ರ ಪ್ಲೇಗಿನಲ್ಲಿ ಅವರ ಬಹುಪಾಲು ಬೋಧಕರು ಸತ್ತುಹೋದರು. ಅವರ ಜಾಗಕ್ಕೆ ಜಿನೀವಾದಿಂದ ಫ್ರೆಂಚ್ ಆಡುವವರು ಬಂದರು. ಚರ್ಚಿನ ಭಾಷೆ ಫ್ರೆಂಚ್ ಆಯಿತು, ಆಮೇಲೆ ಶಾಲೆಯ ಭಾಷೆಯೂ ಅದೇ ಆಯಿತು, ಕೊನೆಗೆ ಇಟಾಲಿಯನ್ ಬಂತು. ಹಳೇ ಮಾತು ಮೇಲಿನ ಹಳ್ಳಿಗಳ ಮನೆಗಳಿಗೆ ಸರಿಯಿತು. ಗೆದ್ದವರಿಗೆ ದೇವರು ಉಳಿದ, ಸೋತವರಿಗೆ ಮಾತು ಉಳಿಯಿತು.

2015ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಟ್ಯುರಿನ್‌ನ ವಾಲ್ದೇಸಿ ಚರ್ಚಿಗೆ ಹೋಗಿ ಕ್ಯಾಥೋಲಿಕ್ ಚರ್ಚಿನ ಪರವಾಗಿ ಕ್ಷಮೆ ಕೇಳಿದರು. ಒಬ್ಬ ಪೋಪ್ ವಾಲ್ದೇಸಿ ಚರ್ಚಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಗಸ್ಟ್‌ನಲ್ಲಿ ವಾಲ್ದೇಸಿಗಳ ಮಹಾಸಭೆ ಉತ್ತರ ಕೊಟ್ಟಿತು. ನಿಮ್ಮ ಮಾತನ್ನು ಗೌರವದಿಂದ, ಕೃತಜ್ಞತೆಯಿಂದ ಸ್ವೀಕರಿಸುತ್ತೇವೆ, ಆದರೆ ರಕ್ತ ಕೊಟ್ಟವರ ಜಾಗದಲ್ಲಿ ನಿಂತು ಅವರ ಪರವಾಗಿ ಕ್ಷಮಿಸುವ ಅಧಿಕಾರ ನಮಗಿಲ್ಲ ಅನ್ನುವ ಅರ್ಥದ ಉತ್ತರ ಅದು. ಇದಕ್ಕಿಂತ ನೇರವಾದ, ಮರ್ಯಾದೆಯ ಉತ್ತರವನ್ನು ನಾನು ಓದಿಲ್ಲ. ಗ್ವಾರ್ದಿಯಾದ ಸ್ಥಿತಿ ಇನ್ನೂ ವಿಚಿತ್ರ. ಸತ್ತವರ ಊರಿನಲ್ಲಿ ಈಗಿರುವವರು ಕೊಂದವರ ಧರ್ಮದವರು, ಸತ್ತವರ ಮಾತಿನವರು.

ಅಂಜೂರದ ಹೊತ್ತು

ನಾನು ಹೋಗಿದ್ದು ಬೇಸಿಗೆ ಕೊನೆಯಲ್ಲಿ. ಕೊಸೆಂಝಾ ಸೀಮೆ ಅಂಜೂರಕ್ಕೆ ಹೆಸರುವಾಸಿ, ಆ ಹೊತ್ತಿಗೆ ಮನೆಮನೆಯಲ್ಲೂ ಅದರದ್ದೇ ಕೆಲಸ. ಒಂದು ಮನೆಯ ಮುಂದೆ ನೆರಳಲ್ಲಿ ಅಜ್ಜಿಯೊಬ್ಬರು ಕೂತು ಒಣಗಿದ ಅಂಜೂರವನ್ನು ‘ಕ್ರೊಚೆತ್ತೆ’ ಮಾಡುತ್ತಿದ್ದರು. ಹಣ್ಣನ್ನು ಚಾಕುವಿನಿಂದ ತೊಟ್ಟು ಬಿಡದ ಹಾಗೆ ಸೀಳಿ ಅಗಲ ಮಾಡುತ್ತಾರೆ. ಒಂದರ ಮೇಲೆ ಒಂದು ಅಡ್ಡ ಇಟ್ಟರೆ ಶಿಲುಬೆಯ ಆಕಾರ. ನಡುವೆ ಅಕ್ರೋಟಿನ ತುಂಡು, ಸ್ವಲ್ಪ ಕಿತ್ತಳೆ ಸಿಪ್ಪೆ. ಮೇಲೆ ಮತ್ತೆ ಎರಡು ಹಣ್ಣು ಮುಚ್ಚಿ ಬೆರಳಲ್ಲಿ ಒತ್ತಬೇಕು. ತಟ್ಟೆ ತುಂಬಿದ ಮೇಲೆ ಒಲೆಯಲ್ಲಿ ಕಂದು ಬಣ್ಣ ಬರುವ ತನಕ ಬೇಯಿಸುತ್ತಾರೆ. ಅಜ್ಜಿಯ ಹೆಬ್ಬೆರಳು ಅಂಜೂರದ ಅಂಟಿನಿಂದ ಹೊಳೆಯುತ್ತಿತ್ತು. ಪಕ್ಕದಲ್ಲಿ ಮೊಮ್ಮಗಳು, ಹತ್ತು ಹನ್ನೊಂದರ ಹುಡುಗಿ, ಅಕ್ರೋಟು ಒಡೆಯುತ್ತಿದ್ದಳು. ಅರ್ಧ ತಟ್ಟೆಗೆ, ಅರ್ಧ ಬಾಯಿಗೆ.

ಅಜ್ಜಿ ಅವಳಿಗೆ ಏನೋ ಅಂದರು. ಇಟಾಲಿಯನ್ ಅಲ್ಲ, ಕಲಾಬ್ರಿಯಾದ ಆಡುಮಾತೂ ಅಲ್ಲ. ಹುಡುಗಿ ತಲೆ ಎತ್ತದೆ ಇಟಾಲಿಯನ್‌ನಲ್ಲಿ ಉತ್ತರ ಕೊಟ್ಟಳು. ಅಜ್ಜಿ ಮತ್ತೆ ತಮ್ಮ ಮಾತಿನಲ್ಲೇ. ಹುಡುಗಿ ಮತ್ತೆ ಇಟಾಲಿಯನ್. ಇಬ್ಬರಿಗೂ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನಾನು ನಿಂತೇ ಇದ್ದದ್ದು ನೋಡಿ ಅಜ್ಜಿ, “ಕೂತ್ಕೋ ಮಗಳೇ, ಬಿಸಿಲಲ್ಲಿ ನಿಂತ್ಯಲ್ಲ,” ಅಂತ ಇಟಾಲಿಯನ್‌ನಲ್ಲಿ ಹೇಳಿ ಮೆಟ್ಟಿಲ ಮೇಲೆ ಜಾಗ ತೋರಿಸಿದರು.

ನನಗೆ ಇದು ಹೊಸದಾಗಿರಲಿಲ್ಲ. ನಮ್ಮ ತಾಯಿಯ ಕಡೆಯವರು ಸಂಕೇತಿಗಳು, ಹಾಸನದ ಕಡೆ. ಶತಮಾನಗಳ ಹಿಂದೆ ಸೆಂಗೊಟ್ಟೈ ಸೀಮೆಯಿಂದ ಬಂದವರು, ಮನೆಯೊಳಗೆ ಬೇರೆಯದೇ ಮಾತು. ನಮ್ಮಜ್ಜಿ ಸಂಕೇತಿಯಲ್ಲಿ ಕೇಳುತ್ತಿದ್ದರು, ನಾವು ಮಕ್ಕಳು ಕನ್ನಡದಲ್ಲಿ ಹೇಳುತ್ತಿದ್ದೆವು. ಅರ್ಥ ಎಲ್ಲಾ ಆಗುತ್ತಿತ್ತು. ಹಾಗಾಗಿ ಆ ಮೆಟ್ಟಿಲ ಮೇಲೆ ನನಗೆ ಪರದೇಶ ಅನ್ನಿಸಲಿಲ್ಲ.

ಹುಡುಗಿಗೆ ಈ ಮಾತು ಬರುತ್ತಾ ಅಂತ ಅಜ್ಜಿಯನ್ನು ಕೇಳಿದೆ. “ಎಲ್ಲಾ ತಿಳಿಯುತ್ತೆ. ಆಡಲ್ಲ,” ಅಂದರು. ಅವಳ ತಂದೆ, ಅಂದರೆ ಅಜ್ಜಿಯ ಮಗ, ಟ್ಯುರಿನ್‌ನಲ್ಲಿ ಕೆಲಸದಲ್ಲಿದ್ದಾರಂತೆ. ರಜೆಗೆ ಮಾತ್ರ ಮಗಳನ್ನು ಇಲ್ಲಿಗೆ ಬಿಡುತ್ತಾರೆ. ಸೊಸೆ ಬೇರೆ ಊರಿನವಳು. ಟ್ಯುರಿನ್ ಅಂದಾಗ ನಾನು ಒಂದು ಕ್ಷಣ ಸುಮ್ಮನಾದೆ. ಎರಡನೇ ಮಹಾಯುದ್ಧದ ನಂತರ ಕಲಾಬ್ರಿಯಾದಿಂದ ಲೆಕ್ಕವಿಲ್ಲದಷ್ಟು ಜನ ಟ್ಯುರಿನ್‌ನ ಫಿಯೆಟ್ ಕಾರ್ಖಾನೆಗಳಿಗೆ ಹೋದರು. ಟ್ಯುರಿನ್ ಇರುವುದು ಪಿಯೆಮೊಂತೆಯಲ್ಲಿ. ಅಲ್ಲಿಂದ ಪೆಲ್ಲಿಚೆ ಕಣಿವೆ ಒಂದು ತಾಸಿನ ದಾರಿ. ಏಳುನೂರು ವರ್ಷದ ಹಿಂದೆ ಹೊಟ್ಟೆಪಾಡಿಗೆ ಅಲ್ಲಿಂದ ಇಲ್ಲಿಗೆ ಬಂದವರ ಮಕ್ಕಳು ಹೊಟ್ಟೆಪಾಡಿಗೇ ಅಲ್ಲಿಗೆ ವಾಪಸ್ ಹೋಗಿದ್ದಾರೆ. ಹೋಗುವಾಗ ಮಾತು ಇಲ್ಲೇ ಉಳಿದಿದೆ.

ಈಗ ಯಾರೂ ನಿಷೇಧ ಮಾಡಿಲ್ಲ. ಇಟಲಿಯ ಸಂವಿಧಾನದ 6ನೇ ವಿಧಿ ಅಲ್ಪಸಂಖ್ಯಾತ ಭಾಷೆಗಳನ್ನು ಕಾಪಾಡುತ್ತೇವೆ ಅನ್ನುತ್ತದೆ. ಅದು ಜಾರಿಗೆ ಬಂದದ್ದು 1948ರಲ್ಲಿ. ಕಾಪಾಡುವ ಕಾನೂನು ಬಂದದ್ದು 1999ರಲ್ಲಿ. ಅರ್ಧ ಶತಮಾನ ಕಾದ ಮೇಲೆ ಹನ್ನೆರಡು ಭಾಷೆಗಳ ಪಟ್ಟಿಯಲ್ಲಿ ಆಕ್ಸಿಟನ್ ಸೇರಿತು. ಬೀದಿಯ ಫಲಕ ಬಂತು. ಫಲಕ ಬೇಕು, ನಾನು ಬೇಡ ಅನ್ನುವುದಿಲ್ಲ. ನಿಷೇಧವಾಗಿದ್ದ ಮಾತು ಗೋಡೆಯ ಮೇಲೆ ಬಹಿರಂಗವಾಗಿ ನಿಲ್ಲುವುದು ಸಣ್ಣ ವಿಷಯವಲ್ಲ. ಆದರೆ ಶಾಲೆ, ಟಿವಿ, ಕೆಲಸ, ಮದುವೆ ಎಲ್ಲವೂ ಇಟಾಲಿಯನ್‌ನಲ್ಲೇ ಇರುವಾಗ ಮಾತು ಮನೆಯೊಳಗೇ ಸೊರಗುತ್ತದೆ. ಯುನೆಸ್ಕೊ ಗಾರ್ದಿಯೋಲನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಗೆ ಹಾಕಿದೆ. ಕಿಂಡಿಯಿಟ್ಟು ಕಾದವರಿಂದ ಆಗದೇ ಹೋದದ್ದು ಕೆಲಸ ಹುಡುಕಿಕೊಂಡು ಹೊರಟ ಒಂದು ತಲೆಮಾರಿನಿಂದ ಆಗುತ್ತಿದೆ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಬೆಟ್ಟದ ಮೇಲೆ ಕೆಲಸ ಎಲ್ಲಿದೆ?

ಪಂಚಾಯ್ತಿಗೂ ಸಂಸ್ಕೃತಿ ಕೇಂದ್ರಕ್ಕೂ ನನ್ನದೊಂದು ಆಸೆ ಇದೆ. ಹತ್ಯಾಕಾಂಡದ ನಕ್ಷೆ, ಆಯುಧ, ದಾಖಲೆಗಳಷ್ಟೇ ಶ್ರದ್ಧೆಯಿಂದ ಈ ಮೆಟ್ಟಿಲುಗಳ ಮೇಲಿನ ಮಾತನ್ನೂ ದಿನಗಟ್ಟಲೆ ಧ್ವನಿಮುದ್ರಣ ಮಾಡಿಡಬೇಕು. ಹಬ್ಬದ ಹಾಡಲ್ಲ, ವೇದಿಕೆಯ ಭಾಷಣವೂ ಅಲ್ಲ. ಅಂಜೂರ ಸೀಳುವಾಗ ಮೊಮ್ಮಗಳನ್ನು ಗದರುವ ಮಾತು, ಪಕ್ಕದ ಮನೆಯವಳ ಸೊಸೆಯ ಬಗ್ಗೆ ಆಡುವ ಮಾತು, ಮೊಣಕಾಲು ನೋವಿನ ಮಾತು. ನಾಳೆ ಆ ಹುಡುಗಿಗೆ ಮೂವತ್ತಾದಾಗ ಬೇಕೆನಿಸಿದರೆ ಅವಳಿಗೆ ಸಿಗಬೇಕಾದದ್ದು ಅದು.

ಏಳುವ ಮುಂಚೆ ಅಜ್ಜಿಯನ್ನು ಇನ್ನೊಂದು ಮಾತು ಕೇಳಿದೆ. ಪೆಲ್ಲಿಚೆ ಕಣಿವೆಗೆ ನೀವು ಹೋಗಿದ್ದೀರಾ ಅಂತ. ಗ್ವಾರ್ದಿಯಾಕ್ಕೂ ಅಲ್ಲಿನ ತೊರ್ರೆ ಪೆಲ್ಲಿಚೆ ಪಟ್ಟಣಕ್ಕೂ ಈಗ ಸೋದರ ಸಂಬಂಧ ಇದೆ. ಮಗನ ಮನೆಗೆ ಹೋಗಿದ್ದಾಗ ಒಂದು ದಿನ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿ ಮೇಲಿನ ಹಳ್ಳಿಯೊಂದರಲ್ಲಿ ತಮ್ಮದೇ ವಯಸ್ಸಿನ ಹೆಂಗಸಿನ ಜೊತೆ ಮಾತಿಗೆ ಕೂತರಂತೆ. “ಅರ್ಥ ಆಯ್ತಾ?” ಅಂದೆ. “ಆಗದೆ ಏನು? ಆಲೂಗಡ್ಡೆ, ಕೋಳಿ, ಮಕ್ಕಳು, ಮಳೆ, ಎಲ್ಲಾ ಮಾತಾಡಿದ್ವಿ. ತಿಳೀದಿದ್ದಕ್ಕೆ ಕೈ ಇದ್ಯಲ್ಲ,” ಅಂತ ಅಂಟಾದ ಕೈ ತೋರಿಸಿದರು. ಆಮೇಲೆ ಸ್ವಲ್ಪ ದನಿ ಏರಿಸಿ ಹೇಳಿದರು, “ಆದರೆ ಅವಳು ನನಗೇ ಹೇಳ್ತಾಳೆ, ನಿನ್ನ ಮಾತಲ್ಲಿ ಕಲಾಬ್ರಿಯಾ ಜಾಸ್ತಿ ಸೇರಿದೆ ಅಂತ. ನಾನು ಬಿಡ್ತೀನಾ? ನಿನ್ನದರಲ್ಲಿ ಫ್ರೆಂಚ್ ಜಾಸ್ತಿ ಸೇರಿದೆ ಅಂದೆ.”